ಆರು ದಿನ, ಐದು ಆಟ: ಬೆಟ್ಟದ ಮೇಲಿನ ಒಂದು ಕಾಲೇಜಿನ 1899ರ ಸೀಸನ್

ಕಾಲೇಜು ತಂಡವನ್ನು ಊರೂರು ಸುತ್ತಿಸಿ ಆಡಿಸಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ. ಆಟ ಸೋಲುವುದು ಯಾವಾಗಲೂ ಮೈದಾನದಲ್ಲೇ ಅಲ್ಲ. ರಾತ್ರಿ ಬಸ್ಸಿನಲ್ಲಿ ನಿದ್ದೆ ಇಲ್ಲದೆ, ದಾರಿಯ ಹೋಟೆಲಿನ ನೀರು ಕುಡಿದು ಹೊಟ್ಟೆ ಕೆಟ್ಟು, ಬೂಟಿನ ಚೀಲ ಯಾರದೋ ಮನೆಯಲ್ಲಿ ಉಳಿದುಹೋಗಿ ಸೋತ ತಂಡಗಳು ಎಷ್ಟೋ ಇವೆ. ಇಲ್ಲಿ ಹೇಳುತ್ತಿರುವುದು ಅಂಥ ಎಲ್ಲ ತೊಂದರೆಗಳ ನಡುವೆಯೂ ಗೆದ್ದ ತಂಡವೊಂದರ ಕಥೆ. ನೂರಿಪ್ಪತ್ತೈದು ವರ್ಷಕ್ಕೂ ಹಿಂದಿನದು, ಅಮೆರಿಕದ್ದು.

ಕಾಲೇಜಿನ ಹೆಸರನ್ನೂ ತಂಡದವರ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ. ಈ ಆಟದ ಇತಿಹಾಸ ಬಲ್ಲವರು ಅಂಕಿಗಳನ್ನು ನೋಡಿಯೇ ಹಿಡಿದುಬಿಡುತ್ತಾರೆ, ಅದು ಬೇರೆ ಮಾತು. ಹೆಸರು ಬಂದ ಕೂಡಲೇ ಇದು ವೀರರ ಕಥೆಯಾಗಿಬಿಡುತ್ತದೆ. ನನಗೆ ಬೇಕಾಗಿರುವುದು ಯಾರು ಯಾವಾಗ ಏನು ನಿರ್ಧಾರ ಮಾಡಿದರು ಅನ್ನುವುದು. ಹಾಗಾಗಿ ಮ್ಯಾನೇಜರ್, ಕೋಚ್, ಕ್ಯಾಪ್ಟನ್ ಎಂದೇ ಕರೆಯುತ್ತೇನೆ. ಎದುರಾಳಿಗಳ ಹೆಸರು ಮಾತ್ರ ಇದ್ದ ಹಾಗೇ ಇದೆ. ಜಾರ್ಜಿಯಾ, ಟೆನೆಸ್ಸೀ, ಟೆಕ್ಸಾಸ್ ಎಂದು ಎದುರಾಳಿಗಳಾಗಿ ಬರುವುದೆಲ್ಲ ಆ ಹೆಸರಿನ ವಿಶ್ವವಿದ್ಯಾಲಯಗಳ ತಂಡಗಳು.

ಆಟ ಯಾವುದು, ಕಾಲೇಜು ಎಂಥದ್ದು

ಇದು ನಾವು ಫುಟ್‌ಬಾಲ್ ಅನ್ನುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಅಪ್ಪಿಕೊಂಡು ಎದುರಾಳಿಗಳ ಸಾಲನ್ನು ಒಡೆದು ಮುಂದೆ ನುಗ್ಗುವ ಅಮೆರಿಕನ್ ಫುಟ್‌ಬಾಲ್. ಅದೂ ಇಂದು ಟಿವಿಯಲ್ಲಿ ಕಾಣುವ ರೂಪದ್ದಲ್ಲ. ಚೆಂಡನ್ನು ಮುಂದಕ್ಕೆ ಎಸೆಯಲು ಆಗ ಅನುಮತಿಯೇ ಇರಲಿಲ್ಲ. ಅದು ಬಂದದ್ದು 1906ರಲ್ಲಿ. ಮೂರು ಪ್ರಯತ್ನದಲ್ಲಿ ಐದು ಗಜ ಮುಂದೆ ಹೋಗಬೇಕು, ಇಲ್ಲವಾದರೆ ಚೆಂಡು ಎದುರಾಳಿಗೆ. ಐದೇ ಗಜ ಅಲ್ವಾ ಅನ್ನಿಸಬಹುದು. ಆದರೆ ಎಸೆಯುವ ಹಾಗಿಲ್ಲ ಅಂದಮೇಲೆ ಉಳಿಯುವುದು ಒಂದೇ ದಾರಿ, ಮೈಗೆ ಮೈ ಡಿಕ್ಕಿ ಹೊಡೆಯುವುದು. ದಾಳಿಗೂ ರಕ್ಷಣೆಗೂ ಅದೇ ಹನ್ನೊಂದು ಜನ. ಹೊರಗೆ ಹೋದವನು ಮತ್ತೆ ಒಳಗೆ ಬರುವ ಹಾಗಿಲ್ಲ. ಹೆಲ್ಮೆಟ್ ಕಡ್ಡಾಯವಲ್ಲ, ಎಷ್ಟೋ ಜನ ಬರಿದಲೆಯಲ್ಲೇ ಆಡುತ್ತಿದ್ದರು.

ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಅದು ಟಚ್‌ಡೌನ್, ಅದಕ್ಕೆ ಐದು ಅಂಕ. ಆಮೇಲೆ ಚೆಂಡನ್ನು ಒದ್ದು ಕಂಬಗಳ ನಡುವೆ ದಾಟಿಸಿದರೆ ಇನ್ನೊಂದು. ಈ ‘ಇನ್ನೊಂದು’ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಕೊನೆಯ ಹೊತ್ತಿಗೆ ಬೇಕಾಗುತ್ತದೆ.

ಕಾಲೇಜು ಇದ್ದದ್ದು ಟೆನೆಸ್ಸೀ ರಾಜ್ಯದಲ್ಲಿ, ಬೆಟ್ಟದ ಮೇಲಿನ ಬಯಲಿನಲ್ಲಿ. ಚರ್ಚಿಗೆ ಸೇರಿದ ಸಣ್ಣ ಸಂಸ್ಥೆ, ಕೆಲವೇ ನೂರು ವಿದ್ಯಾರ್ಥಿಗಳು. ಹುಡುಗರೆಲ್ಲ ಬಿಳಿಯರೇ. ಅಮೆರಿಕದ ದಕ್ಷಿಣದಲ್ಲಿ ಆಗ ಬೇರೆ ಮಾತೇ ಇರಲಿಲ್ಲ. ಬೇಸಿಗೆಯಲ್ಲೂ ಬೆಟ್ಟ ತಂಪಾಗಿರುತ್ತಿತ್ತು. ಅದಕ್ಕೇ ಅಲ್ಲಿ ಬೇಸಿಗೆಯಲ್ಲಿ ಪಾಠ ನಡೆದು ಚಳಿಗಾಲದಲ್ಲಿ ದೊಡ್ಡ ರಜೆ ಬರುತ್ತಿತ್ತು. ಬೇರೆ ಕಾಲೇಜುಗಳ ಹುಡುಗರು ರಜೆ ಮುಗಿಸಿ ಬಂದು ಮೈ ಕೊಡವಿಕೊಳ್ಳುವ ಹೊತ್ತಿಗೆ ಇವರು ಒಟ್ಟಿಗೇ ಇದ್ದು ಅಭ್ಯಾಸ ಮಾಡಿಯಾಗಿತ್ತು. ಆ ವರ್ಷದ ಗೆಲುವಿನ ಬಗ್ಗೆ ಮಾತನಾಡುವವರು ಉಕ್ಕಿನ ಮೈ, ಕಬ್ಬಿಣದ ಎದೆ ಎಂದೆಲ್ಲ ಹೇಳುತ್ತಾರೆ. ಕಾಲೇಜಿನ ಕ್ಯಾಲೆಂಡರ್ ಬಗ್ಗೆ ಯಾರೂ ಜಾಸ್ತಿ ಹೇಳುವುದಿಲ್ಲ.

ಜಗಳ ಶುರುವಾದದ್ದು ಟಿಕೆಟ್ ದುಡ್ಡಿಗೆ

ಪ್ರತಿ ವರ್ಷ ಈ ಕಾಲೇಜಿಗೆ ಕೈತುಂಬ ಹಣ ತರುತ್ತಿದ್ದ ಆಟ ಒಂದೇ. ಅದು ನ್ಯಾಶ್‌ವಿಲ್‌ನ ದೊಡ್ಡ ವಿಶ್ವವಿದ್ಯಾಲಯದ ಜೊತೆಗಿನದು. ಊರು ದೊಡ್ಡದು, ಜನ ಬರುತ್ತಾರೆ, ಗೇಟಿನಲ್ಲಿ ದುಡ್ಡು ಬೀಳುತ್ತದೆ. ಆ ದುಡ್ಡಿನ ಪಾಲಿನ ವಿಷಯಕ್ಕೆ ಎರಡೂ ಕಡೆಯವರಿಗೆ ಜಗಳವಾಯಿತು. 1899ರಲ್ಲಿ ಆ ಆಟವೇ ನಡೆಯಲಿಲ್ಲ.

ಮ್ಯಾನೇಜರ್ ಎಂದರೆ ಸಂಬಳದ ಅಧಿಕಾರಿ ಅಲ್ಲ, ಅವನೂ ವಿದ್ಯಾರ್ಥಿಯೇ. ವಯಸ್ಸು ಇಪ್ಪತ್ತರ ಆಸುಪಾಸು. ಮುಂದೆ ಅವನು ಅಮೆರಿಕದ ಸೆನೆಟ್‌ಗೂ ಹೋದ. ಆಗಲೇ ಮಾತು, ಲೆಕ್ಕಾಚಾರ ಎರಡೂ ಬಲ್ಲವನಾಗಿದ್ದ ಅನ್ನಿಸುತ್ತದೆ. ಅವನ ಮುಂದೆ ಇದ್ದ ಸುಲಭದ ದಾರಿ ಎಂದರೆ ಜಗಳ ಬಿಟ್ಟು ರಾಜಿಯಾಗುವುದು. ಇಲ್ಲವೇ ಅಕ್ಕಪಕ್ಕದ ಸಣ್ಣ ಕಾಲೇಜುಗಳನ್ನು ಬೆಟ್ಟಕ್ಕೆ ಕರೆಸಿ ಹೇಗೋ ವರ್ಷ ತಳ್ಳುವುದು. ಬೆಟ್ಟದ ಮೇಲೆ ಆಟ ನೋಡಲು ಬರುವವರಾದರೂ ಎಷ್ಟು ಜನ? ಅವನು ಮೂರನೇ ದಾರಿ ಹಿಡಿದ. ಜನ ನಮ್ಮ ಹತ್ತಿರ ಬರದಿದ್ದರೆ ನಾವೇ ಜನ ಇರುವ ಊರುಗಳಿಗೆ ಹೋಗೋಣ. ಒಂದಲ್ಲ, ಐದು ಊರು. ಒಂದೇ ಸುತ್ತಿನಲ್ಲಿ.

ಇದು ಸುಮ್ನೆ ಬಿಸಿರಕ್ತದ ಹುಚ್ಚು ಎಂದು ತಳ್ಳಿಹಾಕುವ ಮೊದಲು ಅಕ್ಟೋಬರ್ ತಿಂಗಳನ್ನು ನೋಡಬೇಕು. ಅಕ್ಟೋಬರ್ 21, ಶನಿವಾರ, ಅಟ್ಲಾಂಟಾದಲ್ಲಿ ಜಾರ್ಜಿಯಾ ವಿರುದ್ಧ 12-0. ಅದೇ ಊರಿನಲ್ಲಿ ಸೋಮವಾರ, 23ರಂದು, ಜಾರ್ಜಿಯಾ ಟೆಕ್ ವಿರುದ್ಧ 32-0. ಒಂದು ಪ್ರವಾಸದ ಖರ್ಚಿನಲ್ಲಿ ಎರಡು ಆಟ. ದೊಡ್ಡ ಪ್ರವಾಸಕ್ಕೆ ಇದು ತಾಲೀಮಿನ ಹಾಗಿತ್ತು ಎಂದು ನನಗೆ ಅನ್ನಿಸುತ್ತದೆ. ಆಮೇಲೆ ತವರಿನಲ್ಲಿ ಟೆನೆಸ್ಸೀ ವಿರುದ್ಧ 46-0, ನವೆಂಬರ್ 3ರಂದು ಸೌತ್‌ವೆಸ್ಟರ್ನ್ ಪ್ರೆಸ್ಬಿಟೇರಿಯನ್ ವಿರುದ್ಧ 54-0. ನಾಲ್ಕು ಆಟ ಮುಗಿದರೂ ಯಾರೂ ಇವರ ಮೇಲೆ ಒಂದಂಕ ಗಳಿಸಿರಲಿಲ್ಲ. ಆ ಭರವಸೆಯ ಮೇಲೆ ರೈಲು ಹತ್ತಿದರು.

ಬೂಟು, ನೀರು, ನಿದ್ದೆ

ಸುಮಾರು 4,000 ಕಿಲೋಮೀಟರ್ ಪ್ರಯಾಣ. ಟೆನೆಸ್ಸೀಯಿಂದ ಟೆಕ್ಸಾಸ್, ಅಲ್ಲಿಂದ ಲೂಯಿಸಿಯಾನ, ಅಲ್ಲಿಂದ ಮೆಂಫಿಸ್, ಮತ್ತೆ ಬೆಟ್ಟ. ವೇಳಾಪಟ್ಟಿ ಹೀಗಿತ್ತು: ಗುರುವಾರ ಆಸ್ಟಿನ್‌ನಲ್ಲಿ ಟೆಕ್ಸಾಸ್, ಶುಕ್ರವಾರ ಹ್ಯೂಸ್ಟನ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ, ಶನಿವಾರ ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್, ಸೋಮವಾರ ಬ್ಯಾಟನ್ ರೂಜ್‌ನಲ್ಲಿ ಲೂಯಿಸಿಯಾನ ಸ್ಟೇಟ್, ಮಂಗಳವಾರ ಮೆಂಫಿಸ್‌ನಲ್ಲಿ ಮಿಸಿಸಿಪ್ಪಿ.

ಈ ಪಟ್ಟಿಯನ್ನು ಭೂಪಟ ಮುಂದಿಟ್ಟುಕೊಂಡು ಓದಿದರೆ ಎದೆ ಧಸಕ್ಕೆನ್ನುತ್ತದೆ. ಹ್ಯೂಸ್ಟನ್‌ನಿಂದ ನ್ಯೂ ಆರ್ಲಿಯನ್ಸ್‌ಗೆ 500 ಕಿಲೋಮೀಟರಿಗೂ ಹೆಚ್ಚು. ಸಂಜೆ ಆಟ ಮುಗಿಸಿ, ರಾತ್ರಿಯಿಡೀ ರೈಲಿನಲ್ಲಿ ಹೋಗಿ, ಮಾರನೆಯ ದಿನ ಮತ್ತೆ ಮೈದಾನಕ್ಕೆ ಇಳಿಯಬೇಕು. ಉಗಿಬಂಡಿಯ ಕಾಲ ಅದು.

ಹೊರಟ ದಿನವೇ ಎಡವಟ್ಟು. ಆಟದ ಬೂಟುಗಳೆಲ್ಲ ಹತ್ತಿದ ಸ್ಟೇಷನ್ನಿನಲ್ಲೇ ಉಳಿದಿವೆ ಎಂದು ರೈಲು ಹೊರಟ ಮೇಲೆ ಗೊತ್ತಾಯಿತು. ಕಬಡ್ಡಿ ಆಗಿದ್ದರೆ ಬರಿಗಾಲಲ್ಲೇ ಇಳಿಯಬಹುದಿತ್ತು. ಇಲ್ಲಿ ಹುಲ್ಲು, ಕೆಸರಿನ ಮೇಲೆ ಕಾಲು ಊರಿ ತಳ್ಳಬೇಕು. ಮೊಳೆ ಇರುವ ಬೂಟು ಇಲ್ಲದಿದ್ದರೆ ಆಟವೇ ಇಲ್ಲ. ಮ್ಯಾನೇಜರ್ ದಾರಿಯಿಂದಲೇ ಟೆಲಿಗ್ರಾಂ ಕಳಿಸಿದ. ಬೂಟುಗಳು ಹಿಂದಿನ ರೈಲಿನಲ್ಲಿ ಬಂದು ಗುರುವಾರದ ಆಟಕ್ಕೆ ಸರಿಯಾಗಿ ಸಿಕ್ಕವು. ಸಿಗದೇ ಹೋಗಿದ್ದರೆ? ಆಗ ಈ ತಂಡದ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ, ನಾನೂ ಇದನ್ನು ಬರೆಯುತ್ತಿರಲಿಲ್ಲ.

ನೀರಿನ ವಿಷಯಕ್ಕೆ ಮಾತ್ರ ಅವರು ಏನನ್ನೂ ಅದೃಷ್ಟಕ್ಕೆ ಬಿಟ್ಟಿರಲಿಲ್ಲ. ತಮ್ಮ ಬೆಟ್ಟದ ಒರತೆಯ ನೀರನ್ನೇ ಪೀಪಾಯಿಗಳಲ್ಲಿ ತುಂಬಿ ರೈಲಿಗೆ ಏರಿಸಿದ್ದರು. ಕೇಳಿದರೆ ನಗು ಬರಬಹುದು. ಆದರೆ ಊರೂರಿನ ನೀರಿನಿಂದ ವಿಷಮಶೀತ ಜ್ವರ ಹರಡುತ್ತಿದ್ದ ಕಾಲ ಅದು. ಕೈಯಲ್ಲಿ ಇರುವುದೇ ಹನ್ನೊಂದರ ಮೇಲೆ ಕೆಲವೇ ಜನ. ಇಬ್ಬರ ಹೊಟ್ಟೆ ಕೆಟ್ಟರೆ ಪ್ರವಾಸ ಮುಗಿದಂತೆ. ಇಡೀ ಪ್ರವಾಸದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ನಿರ್ಧಾರ ಇದೇ. ಇದರಲ್ಲಿ ಶೌರ್ಯ ಇಲ್ಲ, ಯಾರೂ ಇದಕ್ಕೆ ಚಪ್ಪಾಳೆ ತಟ್ಟುವುದಿಲ್ಲ. ನಮ್ಮಲ್ಲಿ ಹಳೆಯ ಕಾಲದವರು ದೂರದ ಊರಿಗೆ ಹೊರಟಾಗ ಬುತ್ತಿಯ ಜೊತೆ ಮನೆಯ ನೀರಿನ ಚೊಂಬನ್ನೂ ಕಟ್ಟಿಕೊಳ್ಳುತ್ತಿದ್ದರಲ್ಲ, ಅದೇ ಬುದ್ಧಿ.

ಮಲಗಲು ಸ್ಲೀಪರ್ ಬೋಗಿ ಇತ್ತು. ಜೊತೆಗೆ ಒಬ್ಬ ಟ್ರೇನರ್ ಇದ್ದ, ಕಪ್ಪು ವರ್ಣದವನು. ಆಟ ಮುಗಿದ ಮೇಲೆ ಹುಡುಗರ ಬಿಗಿದ ಕೈಕಾಲು ತಿಕ್ಕಿ, ನೀವಿ, ಮಾರನೆಯ ದಿನಕ್ಕೆ ಎಬ್ಬಿಸಿ ನಿಲ್ಲಿಸುವ ಕೆಲಸ ಅವನದು. ಅವನು ಆ ಕಾಲೇಜಿನಲ್ಲಿ ವಿದ್ಯಾರ್ಥಿಯಾಗಲು ಸಾಧ್ಯವೇ ಇರಲಿಲ್ಲ. ಐದು ಊರುಗಳಲ್ಲಿ ಎದುರಾಳಿಗಳನ್ನು ಉರುಳಿಸಿದ ಕಾಲುಗಳು ಪ್ರತಿ ರಾತ್ರಿ ಅವನ ಕೈಯಲ್ಲೇ ಸರಿಹೋಗುತ್ತಿದ್ದವು. ಗೆಲುವಿನ ಕಥೆಗಳಲ್ಲಿ ಅವನಿಗೆ ಸಿಗುವುದು ಒಂದು ಸಾಲು, ಎರಡು ಸಾಲು.

ಆಟಗಳು

ಆಸ್ಟಿನ್‌ನಲ್ಲಿ ಕ್ಯಾಪ್ಟನ್ ತಲೆಗೆ ಪೆಟ್ಟು ಬಿದ್ದು ರಕ್ತ ಬಂತು. ಹೊರಗೆ ಬಂದರೆ ಮತ್ತೆ ಒಳಗೆ ಹೋಗುವ ಹಾಗಿಲ್ಲ. ಗಾಯಕ್ಕೆ ಪಟ್ಟಿ ಅಂಟಿಸಿಕೊಂಡು ಆಡಿದ. 12-0. ಇಂದಿನ ಕೋಚ್ ಯಾರಾದರೂ ಹೀಗೆ ಆಡಿಸಿದರೆ ಕೆಲಸ ಕಳೆದುಕೊಳ್ಳುತ್ತಾರೆ, ಕಳೆದುಕೊಳ್ಳಲೇಬೇಕು. ಮೊದಲ ದಿನವೇ, ಇನ್ನೂ ನಾಲ್ಕು ಆಟ ಬಾಕಿ ಇರುವಾಗ, ನಾಯಕನನ್ನು ಆ ಸ್ಥಿತಿಯಲ್ಲಿ ಒಳಗೇ ಉಳಿಸಿದ್ದು ಧೈರ್ಯವೋ ಬೇರೆ ದಾರಿ ಇಲ್ಲದ ಪಾಡೋ? ನಿಯಮವೇ ಹಾಗಿತ್ತು ಅನ್ನುವುದು ಅರ್ಧ ಉತ್ತರ ಮಾತ್ರ.

ಹ್ಯೂಸ್ಟನ್‌ನಲ್ಲಿ 10-0. ಐದರಲ್ಲಿ ಕಡಿಮೆ ಅಂಕ ಬಂದದ್ದು ಇಲ್ಲೇ. ನ್ಯೂ ಆರ್ಲಿಯನ್ಸ್‌ನಲ್ಲಿ 23-0.

ಆಮೇಲೆ ಭಾನುವಾರ. ಆಟವಿಲ್ಲ. ಚರ್ಚಿನ ಕಾಲೇಜು, ಭಾನುವಾರ ಆಡುವ ಪ್ರಶ್ನೆಯೇ ಇಲ್ಲ. ಹುಡುಗರು ಕಬ್ಬಿನ ತೋಟವೊಂದನ್ನು ನೋಡಲು ಹೋಗಿದ್ದರೆಂದು ಆ ಪ್ರವಾಸದ ಕಥೆ ಹೇಳುವವರು ಹೇಳುತ್ತಾರೆ. ನವೆಂಬರ್ ಎಂದರೆ ಲೂಯಿಸಿಯಾನದಲ್ಲಿ ಕಬ್ಬು ಅರೆಯುವ ಕಾಲ. ಮೂರು ದಿನ ಸತತ ಡಿಕ್ಕಿ ಹೊಡೆದು ಹಣ್ಣಾದ ಮೈಗೆ ಒಂದು ದಿನ ಗಾಣದ ಪರಿಮಳ.

ಸೋಮವಾರ ಬ್ಯಾಟನ್ ರೂಜ್‌ನಲ್ಲಿ 34-0. ಐದರಲ್ಲಿ ಅತಿ ದೊಡ್ಡ ಗೆಲುವು. ವಿಶ್ರಾಂತಿಯ ಫಲ ನೋಡಿ ಎಂದು ಹೇಳಿಬಿಡುವ ಆಸೆ ನನಗೂ ಆಗುತ್ತದೆ. ಆದರೆ ಎದುರಾಳಿ ಬೇರೆ, ಮೈದಾನ ಬೇರೆ. ಒಂದು ಆಟದ ಅಂಕ ಹಿಡಿದು ಅಷ್ಟು ದೊಡ್ಡ ಮಾತು ಆಡಬಾರದು. ಇಷ್ಟು ಮಾತ್ರ ಹೇಳಬಹುದು: ಆ ಭಾನುವಾರ ಯಾರ ಜಾಣತನದಿಂದಲೂ ಬಂದದ್ದಲ್ಲ, ನಂಬಿಕೆಯಿಂದ ಬಂದದ್ದು. ಮ್ಯಾನೇಜರ್ ಕೈಯಲ್ಲಿ ಪೂರ್ತಿ ಬಿಟ್ಟಿದ್ದರೆ ಅಲ್ಲೂ ಒಂದು ಆಟ ಗೊತ್ತುಮಾಡುತ್ತಿದ್ದನೋ ಏನೋ.

ಮಂಗಳವಾರ ಮೆಂಫಿಸ್‌ನಲ್ಲಿ 12-0. ಐದು ಆಟ, 91 ಅಂಕ, ಎದುರಾಳಿಗಳ ಕಡೆ ಸೊನ್ನೆ. ಮನೆಗೆ ಬಂದು ಆರು ದಿನಕ್ಕೆ ಕಂಬರ್‌ಲ್ಯಾಂಡ್ ವಿರುದ್ಧ 71-0.

ಸೋಲು ಹತ್ತಿರ ಬಂದದ್ದು ಎಲ್ಲಿ

ಈ ಪ್ರಕರಣದಲ್ಲಿ ನಾನು ಮತ್ತೆ ಮತ್ತೆ ವಾಪಸ್ ಬರುವುದು ನವೆಂಬರ್ 30ಕ್ಕೆ. ಮಾಂಟ್‌ಗೊಮೆರಿಯಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ಆಬರ್ನ್ ವಿರುದ್ಧದ ಆಟ. ದೊಡ್ಡ ಪ್ರವಾಸ ಮುಗಿದು ಹದಿನಾರು ದಿನ ಕಳೆದಿದೆ. ಹಿಂದಿನ ಆಟವಾಗಿ ಹತ್ತು ದಿನ. ಹುಡುಗರು ಉಂಡು ಮಲಗಿ ಚೇತರಿಸಿಕೊಂಡಿದ್ದಾರೆ. ಆಯಾಸದ ನೆಪವೇ ಇಲ್ಲ.

ಆಬರ್ನ್ ಕೋಚ್ ಜಾನ್ ಹೈಸ್ಮನ್. ಇಂದಿಗೂ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ವೈಯಕ್ತಿಕ ಪ್ರಶಸ್ತಿ ಅವನ ಹೆಸರಿನಲ್ಲೇ ಇದೆ. ಅವನು ತಂದದ್ದು ಹೆಚ್ಚಿನ ತೂಕವನ್ನಲ್ಲ, ವೇಗವನ್ನು. ಒಂದು ಪ್ರಯತ್ನ ಮುಗಿದು ಎದುರಾಳಿ ಎದ್ದು ಮೈ ಕೊಡವುವ ಮೊದಲೇ ಅವನ ಹುಡುಗರು ಮುಂದಿನದಕ್ಕೆ ಸಾಲಾಗಿ ನಿಂತಿರುತ್ತಿದ್ದರು. ಬೆಟ್ಟದ ಹುಡುಗರಿಗೆ ನುಗ್ಗಿ ಬರುವವರನ್ನು ತಡೆಯುವುದು ಗೊತ್ತಿತ್ತು. ಹತ್ತು ಆಟಗಳಿಂದ ಅದನ್ನೇ ಮಾಡಿದ್ದರು. ಉಸಿರು ತಿರುಗಿಸಿಕೊಳ್ಳಲು ಬಿಡದವರನ್ನು ತಡೆಯುವುದು ಗೊತ್ತಿರಲಿಲ್ಲ. ಇಡೀ ಸೀಸನ್ನಿನಲ್ಲಿ ಮೊದಲ ಬಾರಿಗೆ ಇವರ ಮೇಲೆ ಅಂಕ ಬಿತ್ತು. ಒಮ್ಮೆಯಲ್ಲ, ಎರಡು ಸಲ.

ಆಟ ಮುಗಿದಾಗ ಲೆಕ್ಕ 11-10. ಎರಡೂ ಕಡೆ ಎರಡೆರಡು ಟಚ್‌ಡೌನ್. ವ್ಯತ್ಯಾಸ ಇದ್ದದ್ದು ಆಗ ಹೇಳಿದ ಆ ‘ಇನ್ನೊಂದು’ ಅಂಕದಲ್ಲಿ. ಬೆಟ್ಟದವರು ಎರಡರಲ್ಲಿ ಒಂದು ಒದೆತ ದಾಟಿಸಿದ್ದರು. ಆಬರ್ನ್ ಎರಡನ್ನೂ ಕಳೆದುಕೊಂಡಿತ್ತು. ಹೈಸ್ಮನ್ ಸುಮ್ಮನೆ ಕೂರಲಿಲ್ಲ, ಅಂಪೈರ್ ತೀರ್ಪುಗಳಿಂದ ತನ್ನ ತಂಡಕ್ಕೆ ಅನ್ಯಾಯವಾಗಿದೆ ಎಂದು ಬರ್ಮಿಂಗ್‌ಹ್ಯಾಮ್‌ನ ಪತ್ರಿಕೆಗೆ ಬರೆದ. ಯಾರು ಸರಿ ಎಂದು ಇಷ್ಟು ದೂರದಿಂದ ತೀರ್ಪು ಕೊಡಲು ನಾನು ಹೋಗುವುದಿಲ್ಲ. ಆದರೆ ಆ ದಿನ ಚೆನ್ನಾಗಿ ಆಡಿದ್ದು ಆಬರ್ನ್ ಎಂದು ಒಪ್ಪಿಕೊಳ್ಳಲು ನನಗೆ ಕಷ್ಟವಿಲ್ಲ.

ಎರಡೇ ದಿನಕ್ಕೆ, ಡಿಸೆಂಬರ್ 2ರಂದು, ಅಟ್ಲಾಂಟಾದಲ್ಲಿ ನಾರ್ತ್ ಕ್ಯಾರೊಲಿನಾ ವಿರುದ್ಧ 5-0. ಅಲ್ಲಿಗೆ ಸೀಸನ್ ಮುಗಿಯಿತು. 12 ಆಟ, 12 ಗೆಲುವು. 322 ಅಂಕ ಗಳಿಸಿ 10 ಕೊಟ್ಟರು. ಆ ಹತ್ತೂ ಆಬರ್ನ್‌ದೇ.

ನಾನು ಇದರಿಂದ ಎತ್ತಿಕೊಂಡದ್ದು

ತಂಡ ಕಟ್ಟುವವರು ಈ ಪ್ರಕರಣವನ್ನು ಎತ್ತಿದಾಗಲೆಲ್ಲ ‘ಮನಸ್ಸು ಮಾಡಿದರೆ ಆರು ದಿನದಲ್ಲಿ ಐದು ಆಟ ಗೆಲ್ಲಬಹುದು’ ಅನ್ನುವ ಮಾತಿಗೆ ಬಂದು ನಿಲ್ಲುತ್ತಾರೆ. ಅದು ಅಪಾಯದ ಓದು. ಮನಸ್ಸು ಐದೂ ಊರಿನವರಿಗೆ ಇತ್ತು. ಇವರಿಗೆ ಅದರ ಜೊತೆಗೆ ಬೇಸಿಗೆಯ ಅಭ್ಯಾಸ, ತಮ್ಮದೇ ನೀರು, ಮಲಗಲು ಜಾಗ, ಮೈ ನೀವುವ ಕೈ, ನಡುವೆ ಒಂದು ಭಾನುವಾರ ಇತ್ತು. ಇವುಗಳಲ್ಲಿ ಹೆಚ್ಚಿನವು ಮೊದಲ ಸೀಟಿ ಊದುವ ಮೊದಲೇ ನಿರ್ಧಾರವಾಗಿದ್ದವು. ಒಬ್ಬ ವಿದ್ಯಾರ್ಥಿ ಪತ್ರ, ಟೆಲಿಗ್ರಾಂ, ರೈಲಿನ ವೇಳಾಪಟ್ಟಿ ಹಿಡಿದು ಕೂತು ಮಾಡಿದ ಕೆಲಸವೇ ಜಾಸ್ತಿ.

ಇನ್ನೊಂದು, ಎಡವಟ್ಟು ಎಲ್ಲಿಂದ ಬರುತ್ತದೆ ಅನ್ನುವುದು. ಎಲ್ಲರೂ ಹೆದರಿದ್ದು ಪ್ರಯಾಣಕ್ಕೆ, ಆಯಾಸಕ್ಕೆ. ಅದಕ್ಕೆ ಸಿದ್ಧತೆ ಮಾಡಿಕೊಂಡಿದ್ದರು, ದಾಟಿದರು. ಮುಳುಗುವ ಹಾಗಾದದ್ದು ಹೊಸ ಬಗೆಯ ಆಟ ಎದುರಾದಾಗ. ಸತತ ಗೆದ್ದ ತಂಡ ತನ್ನ ಕ್ರಮವನ್ನು ಬದಲಾಯಿಸಲು ಹೋಗುವುದಿಲ್ಲ. ಯಾಕೆ ಬದಲಾಯಿಸಬೇಕು, ಹತ್ತಕ್ಕೆ ಹತ್ತು ಗೆದ್ದಿದೆಯಲ್ಲ? ಆ ‘ಯಾಕೆ’ಗೆ ಮಾಂಟ್‌ಗೊಮೆರಿಯಲ್ಲಿ ಉತ್ತರ ಸಿಕ್ಕಿತು, ಅದೂ ಒಂದಂಕದ ಅಂತರದಲ್ಲಿ.

ಇದರ ಬೆಲೆಯನ್ನೂ ಹೇಳಬೇಕು. ತಂಡದ ಫುಲ್‌ಬ್ಯಾಕ್, ಅಂದರೆ ಗುಂಪಿನ ನಡುವೆ ಅತಿ ಹೆಚ್ಚು ಸಲ ತಲೆ ತಗ್ಗಿಸಿ ನುಗ್ಗುವವನು, ಆಟದಲ್ಲಿ ಆದ ಕಾಲಿನ ಗಾಯಗಳಿಂದ ಮುಂದೆ ಬಹಳ ನರಳಿದ. ಐವತ್ತು ತುಂಬುವ ಮೊದಲೇ ಹೋದ. ಆಟವೇ ಆಗ ಹಾಗಿತ್ತು. 1905ರ ಒಂದೇ ಸೀಸನ್ನಿನಲ್ಲಿ ದೇಶದಾದ್ಯಂತ ಕನಿಷ್ಠ 18 ಹುಡುಗರು ಸತ್ತ ಮೇಲೆ ಗಲಾಟೆ ಜೋರಾಯಿತು. ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಆ ವರ್ಷವೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಮಾತನಾಡಿದ್ದ. ಮಾರನೆಯ ವರ್ಷ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಬಂತು, ಐದು ಗಜದ ನಿಯಮ ಹತ್ತು ಗಜವಾಯಿತು. ಬೆಟ್ಟದ ತಂಡ ಗೆದ್ದ ರೀತಿಯ ಆಟ ಅಲ್ಲಿಗೇ ಹಳತಾಗತೊಡಗಿತು.

ಕಾಲೇಜು ಮಾತ್ರ ದೊಡ್ಡವರ ಸಾಲಿನಲ್ಲೇ ಇನ್ನೂ ಕೆಲವು ದಶಕ ನಿಂತಿತ್ತು. 1932ರಲ್ಲಿ ದಕ್ಷಿಣದ 13 ಕಾಲೇಜುಗಳು ಸೇರಿ ಸೌತ್ ಈಸ್ಟರ್ನ್ ಕಾನ್ಫರೆನ್ಸ್, ಅಂದರೆ ತಮ್ಮ ತಮ್ಮಲ್ಲೇ ಆಡುವ ಕಾಲೇಜುಗಳ ಒಕ್ಕೂಟ, ಕಟ್ಟಿದಾಗ ಇವರೂ ಅದರಲ್ಲಿ ಒಬ್ಬರು. ಆರು ದಿನದ ಪ್ರವಾಸದಲ್ಲಿ ಇವರ ಕೈಲಿ ಸೋತಿದ್ದ ಟುಲೇನ್, ಲೂಯಿಸಿಯಾನ ಸ್ಟೇಟ್, ಮಿಸಿಸಿಪ್ಪಿಯೂ ಅಲ್ಲಿದ್ದವು. ಆದರೆ ಆ ಹೊತ್ತಿಗೆ ಅವೆಲ್ಲ ಬೆಳೆದಿದ್ದವು. ಇವರದು ಅದೇ ಬೆಟ್ಟ, ಅದೇ ಕೆಲವೇ ನೂರು ಹುಡುಗರು. 1933ರಿಂದ 1940ರವರೆಗೆ ಆ ಕಾನ್ಫರೆನ್ಸಿನಲ್ಲಿ 37 ಆಟ ಆಡಿದರು. ಮೂವತ್ತೇಳನ್ನೂ ಸೋತರು. 1940ರ ಕೊನೆಗೆ ಹೊರಬಂದರು. ಈಗ ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಆಟಗಾರರಿಗೆ ಸ್ಕಾಲರ್‌ಶಿಪ್ ಕೊಡದ ಮೂರನೇ ವಿಭಾಗದಲ್ಲಿ, ತಮ್ಮಷ್ಟೇ ಸಣ್ಣ ಕಾಲೇಜುಗಳ ಜೊತೆ ಶನಿವಾರದ ಮಧ್ಯಾಹ್ನ ಆಡುತ್ತಾರೆ.